ಸ್ವಾಯತ್ತ ಎಐ ಏಜೆಂಟ್: ಸಣ್ಣ ಪೇಟೆಗಳ ವ್ಯಾಪಾರದಲ್ಲಿ ಬಳಕೆ

ಸ್ವಾಯತ್ತ ಎಐ ಏಜೆಂಟ್ ಎಂದರೆ ತನಗೆ ಒಪ್ಪಿಸಿದ ಗುರಿಯನ್ನು ತಾನೇ ಹಂತಗಳಾಗಿ ಬಿಡಿಸಿಕೊಂಡು, ಬೇಕಾದ ಮಾಹಿತಿಯನ್ನು ಹುಡುಕಿ, ಬೇರೆ ತಂತ್ರಾಂಶಗಳನ್ನು ನಡೆಸಿ, ಬಂದ ಫಲಿತಾಂಶವನ್ನು ನೋಡಿ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತ, ಪ್ರತಿ ಹೆಜ್ಜೆಗೂ ಮನುಷ್ಯನ ಅಪ್ಪಣೆಗೆ ಕಾಯದೆ ಕೆಲಸ ಮುಗಿಸಲು ಯತ್ನಿಸುವ ಕಂಪ್ಯೂಟರ್ ವ್ಯವಸ್ಥೆ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಸುಮ್ಮನಾಗುವ ಚಾಟ್‌ಬಾಟ್ ಹೇಳುತ್ತದೆಯೇ ಹೊರತು ಮಾಡುವುದಿಲ್ಲ. ಮೊದಲೇ ಬರೆದಿಟ್ಟ ನಿಯಮದಂತೆ ನಡೆಯುವ ಮಾಮೂಲಿ ತಂತ್ರಾಂಶ ಮಾಡುತ್ತದೆ, ಆದರೆ ಎದುರಾದ ಸನ್ನಿವೇಶ ನಿಯಮಕ್ಕಿಂತ ಕೊಂಚ ಬೇರೆಯಾದರೆ ಅಲ್ಲಿಯೇ ನಿಂತುಬಿಡುತ್ತದೆ. ಏಜೆಂಟ್ ಸನ್ನಿವೇಶವನ್ನು ಓದಿ, ತನಗೆ ಸರಿ ಕಂಡ ಹೆಜ್ಜೆಯನ್ನು ಇಡುತ್ತದೆ. ಅದರ ಪ್ರಯೋಜನ ಮತ್ತು ಅಪಾಯ ಎರಡಕ್ಕೂ ಈ ಒಂದೇ ಗುಣ ಮೂಲ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಪೇಟೆಗಳಲ್ಲಿ ‘ಏಜೆಂಟ್’ ಎಂಬ ಮಾತು ಹೊಸದಲ್ಲ. ಎಪಿಎಂಸಿ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ರೈತನ ಮಾಲನ್ನು ಅವನ ಪರವಾಗಿ ಮಾರಿಸಿಕೊಡುವ ಲೈಸೆನ್ಸುದಾರನೇ ಕಮಿಷನ್ ಏಜೆಂಟ್. ಜನರ ಬಾಯಲ್ಲಿ ಅದು ದಲಾಲಿ ಅಂಗಡಿ. ಇನ್ನೊಬ್ಬರ ಪರವಾಗಿ ಕಾರ್ಯ ಮಾಡುವವನು ಎಂಬ ಮೂಲಾರ್ಥವನ್ನೇ ಕಂಪ್ಯೂಟರ್ ವಿಜ್ಞಾನವೂ ತೆಗೆದುಕೊಂಡಿದೆ. ಹೆಸರು ಒಂದೇ ಆದರೂ ಈ ಊರುಗಳ ಅಂಗಡಿ, ಗಿರಣಿ, ಗೋದಾಮುಗಳಲ್ಲಿ ಎಐ ಏಜೆಂಟ್ ಭರವಸೆಯಿಂದ ತುಂಬಬಲ್ಲ ಜಾಗ ಗುಮಾಸ್ತನದು. ಕಿರ್ದಿ ಬರೆಯುವುದು, ಖತಾವಣಿಗೆ ಏರಿಸುವುದು, ಚೀಟಿ ತಾಳೆ ನೋಡುವುದು, ಬಾಕಿಯ ಪಟ್ಟಿ ತೆಗೆಯುವುದು ಮುಂತಾದ, ತಪ್ಪಿದರೆ ತಿದ್ದಬಹುದಾದ ಕೆಲಸಗಳಲ್ಲಿ ಅದು ಮಾಲೀಕನ ಸಮಯವನ್ನು ಉಳಿಸುತ್ತದೆ. ಬೆಲೆ ಕಟ್ಟುವುದು, ಉದ್ರಿ ಕೊಡುವುದು, ಹಣ ಕಳಿಸುವುದು ಮುಂತಾದ, ತಪ್ಪಿದರೆ ಹಿಂದಕ್ಕೆ ತರಲಾಗದ ಕೆಲಸಗಳಿಗೆ ಅದು ಇನ್ನೂ ಪಕ್ವವಾಗಿಲ್ಲ.

ಕಾರ್ಯವಿಧಾನ

ಏಜೆಂಟಿನ ಒಳಗಿರುವುದು ಭಾಷಾ ಮಾದರಿ, ಅಂದರೆ ಅಪಾರ ಪ್ರಮಾಣದ ಬರಹದಿಂದ ಪದಗಳ ಜೋಡಣೆಯ ಬಗೆಗಳನ್ನು ಕಲಿತು, ಕೊಟ್ಟ ಮಾತಿನ ಮುಂದೆ ಬರಬಹುದಾದ ಮಾತನ್ನು ಊಹಿಸುತ್ತ ಹೋಗುವ ಗಣಿತದ ವ್ಯವಸ್ಥೆ. ಇಷ್ಟೇ ಇದ್ದರೆ ಅದು ಬರೆಯಬಲ್ಲದು, ಬೇರೇನೂ ಮಾಡಲಾರದು. ಅದಕ್ಕೆ ಸಾಧನಗಳನ್ನು ಜೋಡಿಸಿದಾಗ ಅದು ಏಜೆಂಟ್ ಆಗುತ್ತದೆ. ಸಾಧನವೆಂದರೆ ಮಾದರಿಯು ಕರೆದು ಬಳಸಬಹುದಾದ ಇನ್ನೊಂದು ತಂತ್ರಾಂಶದ ನಿರ್ದಿಷ್ಟ ಕಾರ್ಯ, ಉದಾಹರಣೆಗೆ ದಾಸ್ತಾನಿನ ಪಟ್ಟಿಯನ್ನು ಓದುವುದು, ಬಿಲ್ ತಯಾರಿಸುವುದು, ಸಂದೇಶ ಕಳಿಸುವುದು. ಇದಕ್ಕೆ ಹಿಂದಿನ ಹೆಜ್ಜೆಗಳನ್ನು ಬರೆದಿಟ್ಟುಕೊಳ್ಳುವ ನೆನಪಿನ ಭಾಗವೂ, ಯಾವ ಸಾಧನವನ್ನು ಎಷ್ಟರ ಮಟ್ಟಿಗೆ ಮುಟ್ಟಬಹುದು ಎಂಬ ಅನುಮತಿಯ ಭಾಗವೂ ಸೇರುತ್ತವೆ. ಸಣ್ಣ ವ್ಯಾಪಾರಕ್ಕೆ ಏಜೆಂಟ್ ಆರಿಸುವವರು ಮಾದರಿಯ ಜಾಣ್ಮೆಗಿಂತ ಈ ಅನುಮತಿಯ ಭಾಗವನ್ನು ಮೊದಲು ವಿಚಾರಿಸುವುದು ಲೇಸು.

ಯೋಚನೆ, ಕ್ರಿಯೆ, ಫಲಿತಾಂಶದ ವೀಕ್ಷಣೆ ಎಂಬ ಮೂರನ್ನು ಮತ್ತೆ ಮತ್ತೆ ಸುತ್ತುವ ಕ್ರಮವನ್ನು 2022ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮತ್ತು ಗೂಗಲ್‌ನ ಸಂಶೋಧಕರು ‘ರಿಯಾಕ್ಟ್’ ಎಂಬ ಹೆಸರಿನಲ್ಲಿ ಮಂಡಿಸಿದರು. 2023ರ ಮಾರ್ಚ್‌ನಲ್ಲಿ ಬಂದ ಆಟೋ-ಜಿಪಿಟಿ ಎಂಬ ಮುಕ್ತ ತಂತ್ರಾಂಶ ಈ ಕಲ್ಪನೆಯನ್ನು ಜನಪ್ರಿಯಗೊಳಿಸಿತು. ಆಂಥ್ರೋಪಿಕ್ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಪರದೆಯನ್ನು ನೋಡಿ ಮೌಸ್ ಮತ್ತು ಕೀಲಿಮಣೆಯನ್ನು ತಾನೇ ಬಳಸುವ ಸಾಮರ್ಥ್ಯವನ್ನೂ, ನವೆಂಬರ್‌ನಲ್ಲಿ ಮಾದರಿಗೂ ಹೊರಗಿನ ತಂತ್ರಾಂಶಗಳಿಗೂ ನಡುವೆ ಸಾಮಾನ್ಯ ಜೋಡಣೆಯಾಗಬಲ್ಲ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮಾನದಂಡವನ್ನೂ ಹೊರತಂದಿತು. 2025ರ ಜನವರಿಯಲ್ಲಿ ಓಪನ್‌ಎಐ ಸಂಸ್ಥೆಯ ಆಪರೇಟರ್ ಎಂಬ ಏಜೆಂಟ್ ಬಂತು.

ಹಂತಗಳು ಹೆಚ್ಚಿದಂತೆ ತಪ್ಪು ಗುಣಿಸುತ್ತ ಹೋಗುವುದು ಈ ವ್ಯವಸ್ಥೆಯ ಮೂಲ ದೌರ್ಬಲ್ಯ. ಒಂದೊಂದು ಹೆಜ್ಜೆಯೂ ನೂರಕ್ಕೆ 95 ಸಲ ಸರಿಯಾಗುವ ಏಜೆಂಟ್‌ಗೆ 20 ಹೆಜ್ಜೆಗಳ ಕೆಲಸ ಕೊಟ್ಟರೆ, ಆ ಕೆಲಸ ಆದ್ಯಂತ ಸರಿಯಾಗಿ ಮುಗಿಯುವುದು ನೂರಕ್ಕೆ ಸುಮಾರು 36 ಸಲ ಮಾತ್ರ. ಪ್ರತಿ ಹೆಜ್ಜೆಯ ನಿಖರತೆ 99ಕ್ಕೆ ಏರಿದರೂ ಅದು 82ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮಾರುವವರು ಒಂದು ಹೆಜ್ಜೆಯ ಪ್ರದರ್ಶನವನ್ನು ತೋರಿಸುತ್ತಾರೆ, ಕೊಳ್ಳುವವನು ಇಪ್ಪತ್ತು ಹೆಜ್ಜೆಯ ಕೆಲಸಕ್ಕೆ ಹಣ ಕೊಡುತ್ತಾನೆ. ಆದ್ದರಿಂದ ದೊಡ್ಡ ಕೆಲಸವನ್ನು ನಾಲ್ಕೈದು ಹೆಜ್ಜೆಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಕೊನೆಯಲ್ಲಿ ಮನುಷ್ಯನೊಬ್ಬ ನೋಡಿ ಒಪ್ಪುವಂತೆ ಹೊಂದಿಸುವುದೇ ಇಂದಿನ ಮಟ್ಟಿಗೆ ಸರಿಯಾದ ಕ್ರಮ.

ಐದು ತಾಲ್ಲೂಕುಗಳ ವ್ಯಾಪಾರ

ಈ ಐದೂ ತಾಲ್ಲೂಕುಗಳು ಬಹುಪಾಲು ಮಳೆಯಾಶ್ರಿತ ಬಯಲುಸೀಮೆ. ಹೂವಿನಹಡಗಲಿ ಮತ್ತು ಹಗರಿಬೊಮ್ಮನಹಳ್ಳಿಯ ಒಂದು ಅಂಚಿಗೆ ತುಂಗಭದ್ರೆಯೂ ಅದರ ಹಿನ್ನೀರೂ ತಾಗಿವೆ. ಶೇಂಗಾ, ಮೆಕ್ಕೆಜೋಳ, ಜೋಳ, ಈರುಳ್ಳಿ, ಹತ್ತಿ ಇಲ್ಲಿನ ಪೇಟೆಗಳನ್ನು ನಡೆಸುವ ಮಾಲುಗಳು. ಹರಪನಹಳ್ಳಿಯ ಕಡೆ ಮೆಕ್ಕೆಜೋಳದ ಪಾಲು ದೊಡ್ಡದು, ಹಡಗಲಿಯ ಮಲ್ಲಿಗೆಗೆ ಮೈಸೂರು ಮತ್ತು ಉಡುಪಿ ಮಲ್ಲಿಗೆಗಳಂತೆಯೇ ಭೌಗೋಳಿಕ ಸೂಚಿಯ ಮನ್ನಣೆ ಇದೆ. ಕೂಡ್ಲಿಗಿಯ ಮೂಲಕ ಚಿತ್ರದುರ್ಗ ಮತ್ತು ಹೊಸಪೇಟೆಯನ್ನು ಸೇರಿಸುವ ರಾಷ್ಟ್ರೀಯ ಹೆದ್ದಾರಿ 50 ಹಾದುಹೋಗುವುದರಿಂದ ಲಾರಿ ಸಾಗಣೆ, ಹೋಟೆಲು, ಬಿಡಿಭಾಗಗಳ ವ್ಯಾಪಾರವೂ ಬೆಳೆದಿದೆ.

ಇಂಥ ಪೇಟೆಯ ಸಾಮಾನ್ಯ ಅಂಗಡಿಯಲ್ಲಿ ಮಾಲೀಕ, ಹಳೆಯ ಗುಮಾಸ್ತ, ಬಿ.ಕಾಂ. ಮುಗಿಸಿ ಟ್ಯಾಲಿ ಕಲಿತ ಹುಡುಗ ಅಥವಾ ಹುಡುಗಿ, ಮತ್ತು ದಿನಗೂಲಿಯ ಹಮಾಲರು ಇರುತ್ತಾರೆ. 1986ರಲ್ಲಿ ಆರಂಭವಾದ, ಬೆಂಗಳೂರಿನ ಟ್ಯಾಲಿ ಸಂಸ್ಥೆಯ ತಂತ್ರಾಂಶದಿಂದಲೇ ಕನ್ನಡ ನಾಡಿನ ಸಣ್ಣ ಪೇಟೆಗಳಿಗೆ ಕಂಪ್ಯೂಟರ್ ಲೆಕ್ಕ ಬಂದಿತೆಂದರೆ ಅತಿಶಯೋಕ್ತಿಯಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ, 2018ರ ಏಪ್ರಿಲ್ 1ರಂದು ಕರ್ನಾಟಕ ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಎಂಬ ವಿದ್ಯುನ್ಮಾನ ಸಾಗಣೆ ಪತ್ರವನ್ನು ದೇಶದಲ್ಲಿಯೇ ಮೊದಲು ಜಾರಿಗೆ ತಂದ ಮೇಲೆ, ಯುಪಿಐ ಪಾವತಿ ಗೂಡಂಗಡಿಗೂ ತಲುಪಿದ ಮೇಲೆ, ಕಾಗದದ ಕೆಲಸ ಮಾರಾಟದ ಕೆಲಸಕ್ಕಿಂತ ವೇಗವಾಗಿ ಬೆಳೆದಿದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ಆಧರಿಸಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಎದ್ದ ಆತಂಕಕ್ಕೆ ಒಂದು ಕಾರಣ, ಬಂದ ಹಣದಲ್ಲಿ ಮಾರಾಟದ್ದೆಷ್ಟು, ಕೈಗಡ ಮರಳಿದ್ದೆಷ್ಟು, ಮನೆಯವರು ಕಳಿಸಿದ್ದೆಷ್ಟು ಎಂದು ಬಿಡಿಸಿ ತೋರಿಸುವ ಲೆಕ್ಕ ಬಹಳ ಮಂದಿಯಲ್ಲಿ ಇರದಿದ್ದುದು. ಪ್ರತಿ ಜಮೆಯನ್ನೂ ಅದೇ ದಿನ ವಿಂಗಡಿಸಿ, ಅನುಮಾನವಿದ್ದುದನ್ನು ಮಾಲೀಕನಿಗೆ ಕೇಳಿ ಬರೆದಿಡುವುದು ಏಜೆಂಟ್‌ಗೆ ಹೇಳಿಮಾಡಿಸಿದ ಕೆಲಸ.

ಲೆಕ್ಕಪತ್ರದ ಕೆಲಸ

ಶೇಂಗಾ ವ್ಯಾಪಾರದ ಒಂದು ಲೋಡನ್ನು ಹತ್ತಿರದಿಂದ ನೋಡಿದರೆ ಏಜೆಂಟ್ ಎಲ್ಲಿ ನೆರವಾಗುತ್ತದೆ, ಎಲ್ಲಿ ಎಡವುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಬೇರೆ ಜಿಲ್ಲೆಯ ಎಣ್ಣೆ ಗಿರಣಿಯೊಂದು 150 ಚೀಲ ಶೇಂಗಾ ಬೇಕೆಂದು ವಾಟ್ಸ್ಆ್ಯಪ್ ಸಂದೇಶ ಕಳಿಸಿದೆ ಎಂದುಕೊಳ್ಳಬಹುದು. ಏಜೆಂಟ್ ಸಂದೇಶವನ್ನು ಓದಿ, ಗೋದಾಮಿನ ದಾಸ್ತಾನು ನೋಡಿ, ಗಿರಣಿಯ ಹಳೆಯ ಬಾಕಿಯನ್ನು ತೆಗೆದು, ಒಪ್ಪಿಕೊಂಡ ಬೆಲೆಯನ್ನು ಹಾಕಿ, ಬಿಲ್ಲಿನ ಕರಡು ಮಾಡಿ, ಮೌಲ್ಯ 50,000 ರೂಪಾಯಿ ಮೀರಿರುವುದರಿಂದ ಇ-ವೇ ಬಿಲ್ಲಿನ ವಿವರಗಳನ್ನೂ ತುಂಬಿ, ಲಾರಿಯ ನಂಬರಿಗಾಗಿ ಟ್ರಾನ್ಸ್‌ಪೋರ್ಟಿನವರಿಗೆ ಸಂದೇಶ ಬರೆದು, ಎಲ್ಲವನ್ನೂ ಮಾಲೀಕನ ಮೊಬೈಲಿಗೆ ಒಪ್ಪಿಗೆಗೆ ಕಳಿಸಬಲ್ಲದು. ಮನುಷ್ಯನೊಬ್ಬ ಮೂರು ತಂತ್ರಾಂಶಗಳನ್ನು ತೆರೆದು ಮುಚ್ಚಿ, ನಡುವೆ ಬಂದ ಗಿರಾಕಿಗಳನ್ನು ಮಾತಾಡಿಸುತ್ತ ಮಾಡುವ ಈ ಕೆಲಸ ಕೆಲವೇ ನಿಮಿಷಗಳಿಗೆ ಇಳಿಯುತ್ತದೆ. ಹಮಾಲರು ಚೀಲ ಏರಿಸಿ ಮುಗಿಸುವ ಹೊತ್ತಿಗೆ ಕಾಗದವೂ ಸಿದ್ಧವಿರುತ್ತದೆ, ಲಾರಿ ಕಾಯುವುದು ತಪ್ಪುತ್ತದೆ.

ಆದರೆ ‘150 ಚೀಲ’ ಎಂಬ ಮಾತಿನಲ್ಲಿ ತೂಕವಿಲ್ಲ. ಸಿಪ್ಪೆಯ ಶೇಂಗಾದ ಚೀಲ ಹಗುರ, ಮೆಕ್ಕೆಜೋಳದ ಚೀಲ ಭಾರ. ಪೇಟೆಯ ಗುಮಾಸ್ತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚೀಲಕ್ಕೆ 40 ಕಿಲೋದಂತೆ 60 ಕ್ವಿಂಟಲ್ ಆಗಬೇಕಾದುದನ್ನು, ಮೆಕ್ಕೆಜೋಳದ ಹಳೆಯ ಬಿಲ್ಲುಗಳನ್ನು ನೋಡಿ ಏಜೆಂಟ್ 50 ಕಿಲೋ ಎಂದು ಊಹಿಸಿದರೆ 75 ಕ್ವಿಂಟಲ್ ಆಗುತ್ತದೆ. ಕ್ವಿಂಟಲ್‌ಗೆ 6,000 ರೂಪಾಯಿ ಹಿಡಿದರೆ 3,60,000ದ ಬಿಲ್ಲು 4,50,000 ಆಗಿ, 90,000 ರೂಪಾಯಿಯ ವ್ಯತ್ಯಾಸ ಅಚ್ಚುಕಟ್ಟಾದ ಅಕ್ಷರಗಳಲ್ಲಿ ಮುದ್ರಿತವಾಗಿ ಹೊರಬೀಳುತ್ತದೆ. ಕೈಬರಹದ ತಪ್ಪು ಕಣ್ಣಿಗೆ ಬೀಳುವಷ್ಟು ಸುಲಭವಾಗಿ ಯಂತ್ರದ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದು ಸರಿಯಾದುದರಂತೆಯೇ ಕಾಣುತ್ತದೆ. ಇನ್ನೊಂದು ಕಡೆ, ಎಣ್ಣೆಗೆ ಹೋಗುವ ಶೇಂಗಾದ ಮೇಲೆ ಶೇಕಡಾ 5 ಜಿಎಸ್‌ಟಿ ಇದ್ದರೆ ಬಿತ್ತನೆ ಗುಣಮಟ್ಟದ ಶೇಂಗಾಕ್ಕೆ ತೆರಿಗೆಯಿಲ್ಲ. ಬಿಲ್ಲಿನಲ್ಲಿ ‘ಬೀಜ’ ಎಂಬ ಪದವನ್ನು ಕಂಡ ಏಜೆಂಟ್ ಅದನ್ನು ಬಿತ್ತನೆ ಬೀಜ ಎಂದು ತಿಳಿದರೂ ತಿಳಿದೀತು, ಆದರೆ ಪೇಟೆಯ ಮಾತಿನಲ್ಲಿ ಸಿಪ್ಪೆ ಸುಲಿದ ಶೇಂಗಾವೂ ಬೀಜವೇ. ಆದ್ದರಿಂದ ಪ್ರತಿ ಮಾಲಿಗೂ ಚೀಲದ ತೂಕ, ತೆರಿಗೆಯ ದರ, ಸಂಕೇತ ಸಂಖ್ಯೆಗಳನ್ನು ಮಾಲೀಕನೇ ಒಂದು ಪಟ್ಟಿಯಲ್ಲಿ ಬರೆದುಕೊಟ್ಟು, ಪಟ್ಟಿಯಲ್ಲಿ ಇಲ್ಲದ್ದನ್ನು ಊಹಿಸದೆ ಕೇಳಬೇಕೆಂದು ಏಜೆಂಟ್‌ಗೆ ಕಟ್ಟಪ್ಪಣೆ ಮಾಡುವುದು ಮೊದಲ ಕೆಲಸವಾಗಬೇಕು. ಹತ್ತಿಯ ಗಿರಣಿಗಳಲ್ಲಿ ಈ ಪಟ್ಟಿಗೆ ಇನ್ನೊಂದು ಸಾಲು ಬೇಕು: ರೈತನಿಂದ ನೇರವಾಗಿ ಕೊಂಡ ಹತ್ತಿಗೆ ತೆರಿಗೆ ಕಟ್ಟುವ ಹೊಣೆ ಮಾರಿದವನದಲ್ಲ, ನೋಂದಾಯಿತ ಖರೀದಿದಾರನದು.

ತಿಂಗಳ ಮಧ್ಯದ ತಾಳೆ ಲೆಕ್ಕ ಏಜೆಂಟ್‌ಗೆ ಇದಕ್ಕಿಂತಲೂ ಹೊಂದುವ ಕೆಲಸ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ವ್ಯಾಪಾರಿ ಮಾರಾಟದ ವಿವರವನ್ನು 11ನೇ ತಾರೀಖಿನೊಳಗೆ ಕೊಡಬೇಕು; 14ರಂದು ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ಸಿದ್ಧವಾಗಿ, ಮಾಲು ಕೊಟ್ಟವರು ಯಾವ ಯಾವ ಬಿಲ್ಲುಗಳನ್ನು ತೋರಿಸಿದ್ದಾರೆ ಎಂಬುದು ಕಾಣುತ್ತದೆ; 20ರೊಳಗೆ ತೆರಿಗೆ ಕಟ್ಟಬೇಕು. ಕೊಟ್ಟವನು ತೋರಿಸದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಹಕ್ಕು, ಸಿಗುವುದಿಲ್ಲ. ಆರು ದಿನಗಳ ಈ ಕಿಂಡಿಯಲ್ಲಿ ಅಂಗಡಿಯ ಖರೀದಿ ಪುಸ್ತಕವನ್ನೂ ಪೋರ್ಟಲ್‌ನ ಪಟ್ಟಿಯನ್ನೂ ಸಾಲುಸಾಲಾಗಿ ಹೋಲಿಸಿ, ಬಿಟ್ಟುಹೋದ ಬಿಲ್ಲುಗಳನ್ನು ಹುಡುಕಿ, ಕೊಟ್ಟವರಿಗೆ ನೆನಪೋಲೆ ಬರೆಯುವುದು ಬೇಸರದ, ಕಣ್ಣು ನೋಯಿಸುವ, ಆದರೆ ನೇರವಾಗಿ ಹಣ ಉಳಿಸುವ ಕೆಲಸ. ಏಜೆಂಟ್ ಇಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ, ಓದಿ ಹೋಲಿಸಿದರೆ ಸಾಕು. ತಪ್ಪಿದರೂ ನಷ್ಟವಾಗುವುದು ಒಂದು ಅನವಶ್ಯಕ ಫೋನ್ ಕರೆಯಷ್ಟೆ. ಏಜೆಂಟ್ ಬಳಸಲು ಹೊರಟ ಅಂಗಡಿ ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಬಾಕಿ ವಸೂಲಿಯಲ್ಲಿಯೂ ಇದೇ ಮಾತು ಸಲ್ಲುತ್ತದೆ: ಸಣ್ಣ ಉದ್ದಿಮೆಯಾಗಿ ಉದ್ಯಮ್ ನೋಂದಣಿ ಪಡೆದ ಗಿರಣಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಖರೀದಿದಾರ 45 ದಿನ ಮೀರದೆ ಹಣ ಕೊಡಬೇಕು, ಆ ದಿನಗಳನ್ನು ತಪ್ಪದೆ ಎಣಿಸುವುದು ಯಂತ್ರಕ್ಕೆ ಸುಲಭ.

ಹೆಸರು ಮತ್ತು ವಿಳಾಸ

ಹೊರಗಿನವರು ಊಹಿಸದ ತೊಡಕೊಂದು ಈ ಸೀಮೆಯ ಹೆಸರುಗಳಲ್ಲಿದೆ. ಗುರು ಕೊಟ್ಟೂರೇಶ್ವರನ ಮೇಲಿನ ಭಕ್ತಿಯಿಂದ ಇಲ್ಲಿ ಮಕ್ಕಳಿಗೆ ಕೊಟ್ರೇಶ, ಕೊಟ್ರಮ್ಮ ಎಂದೂ, ಅಂಗಡಿಗಳಿಗೆ ಕೊಟ್ಟೂರೇಶ್ವರ ಟ್ರೇಡರ್ಸ್, ಕೊಟ್ಟೂರೇಶ್ವರ ಕಿರಾಣಿ ಎಂದೂ ಹೆಸರಿಡುವ ರೂಢಿ ವ್ಯಾಪಕವಾಗಿದೆ. ಹೆಸರನ್ನಷ್ಟೇ ನೋಡಿ ಖಾತೆ ಹೊಂದಿಸುವ ಏಜೆಂಟ್ ಒಬ್ಬರ ಬಾಕಿಯನ್ನು ಇನ್ನೊಬ್ಬರ ಖಾತೆಗೆ ಏರಿಸುವುದು ಇಲ್ಲಿ ಅಪರೂಪದ ಸಂಗತಿಯಾಗಲಾರದು. ವಿಳಾಸಗಳ ಕಥೆಯೂ ಹೀಗೆಯೇ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸದಾಗಿ ರಚನೆಯಾದ ವಿಜಯನಗರ ಜಿಲ್ಲೆಗೆ ಬಂತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾಯಿತು. ಹರಪನಹಳ್ಳಿಯ ಒಂದೇ ಅಂಗಡಿಯ ಹಳೆಯ ಬಿಲ್ಲುಗಳಲ್ಲಿ ಮೂರು ಜಿಲ್ಲೆಗಳ ಹೆಸರಿರಬಹುದು. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ವಿಜಯನಗರವು ಬೆಂಗಳೂರಿನ ವಿಜಯನಗರ ಬಡಾವಣೆಯೊಂದಿಗೂ ಆಂಧ್ರದ ವಿಜಯನಗರಂ ಜಿಲ್ಲೆಯೊಂದಿಗೂ ಬೆರೆತುಹೋಗುವ ಸಂಭವವಿದೆ, ಹಗರಿಬೊಮ್ಮನಹಳ್ಳಿಯನ್ನು ಎಚ್.ಬಿ. ಹಳ್ಳಿ ಎಂದೂ, ಹೂವಿನಹಡಗಲಿಯನ್ನು ಬರಿಯ ಹಡಗಲಿ ಎಂದೂ ಬರೆಯುವುದು ಮಾಮೂಲು.

ಇದಕ್ಕೆ ಪರಿಹಾರ ಸರಳ. ಜಿಎಸ್‌ಟಿ ನೋಂದಣಿಯ 15 ಅಂಕಾಕ್ಷರಗಳ ಸಂಖ್ಯೆಯಲ್ಲಿ ಮೊದಲೆರಡು ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ ಅದು 29. ಮುಂದಿನ ಹತ್ತು ಆ ವ್ಯಾಪಾರಿಯ ಪ್ಯಾನ್. ನೋಂದಣಿ ಇದ್ದವರನ್ನು ಈ ಸಂಖ್ಯೆಯಿಂದ, ಇಲ್ಲದವರನ್ನು ಮೊಬೈಲ್ ಸಂಖ್ಯೆಯಿಂದ ಗುರುತಿಸಬೇಕು, ಹೆಸರಿನಿಂದ ಎಂದಿಗೂ ಅಲ್ಲ ಎಂಬ ನಿಯಮವನ್ನು ಏಜೆಂಟ್‌ಗೆ ಹಾಕಿದರೆ ಈ ಬಗೆಯ ಗೊಂದಲದ ಬಹುಭಾಗ ತಪ್ಪುತ್ತದೆ.

ಭಾಷೆ

ವ್ಯಾಪಾರದ ನಿಜವಾದ ಮಾತುಕತೆ ಇಲ್ಲಿ ಕನ್ನಡದಲ್ಲಿ, ಅದೂ ಬಳ್ಳಾರಿ ಸೀಮೆಯ ಆಡುಮಾತಿನಲ್ಲಿ ನಡೆಯುತ್ತದೆ. ಧ್ವನಿ ಸಂದೇಶಗಳೇ ಹೆಚ್ಚು. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಆರಂಭಿಸಿದ ಭಾಷಿಣಿ ವೇದಿಕೆ, ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ, ಬೆಂಗಳೂರಿನ ಸರ್ವಂ ಸಂಸ್ಥೆ ಮೊದಲಾದವರ ಕೆಲಸದಿಂದ ಕನ್ನಡದ ಧ್ವನಿಯನ್ನು ಬರಹವಾಗಿಸುವ ತಂತ್ರಜ್ಞಾನ ಬಳಸುವ ಮಟ್ಟಕ್ಕೆ ಬಂದಿದೆ. ಮಾದರಿಗಳು ಬರಹವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು ಓದುತ್ತವೆ, ತುಣುಕಿನ ಲೆಕ್ಕದಲ್ಲಿಯೇ ಶುಲ್ಕ ಬೀಳುತ್ತದೆ. ಭಾರತೀಯ ಲಿಪಿಗಳು ಮೊದಲು ಬಹಳ ತುಣುಕುಗಳಾಗಿ ಒಡೆಯುತ್ತಿದ್ದವು. 2024ರ ಮೇ ತಿಂಗಳಲ್ಲಿ ಓಪನ್‌ಎಐ ತನ್ನ ಹೊಸ ಮಾದರಿಯಲ್ಲಿ ತೆಲುಗಿನ ತುಣುಕುಗಳು ಮೂರೂವರೆ ಪಟ್ಟು ಕಡಿಮೆಯಾದವೆಂದು ಪ್ರಕಟಿಸಿತು. ಅಂದರೆ ಲಿಪಿಯ ಕಾರಣಕ್ಕೆ ತೆರಬೇಕಾಗಿದ್ದ ಹೆಚ್ಚಿನ ಬೆಲೆ ಕರಗುತ್ತಿದೆ.

ಉಳಿದಿರುವ ಕಷ್ಟ ಮಾತಿನ ಒಳಗಿನದು. ‘ಆರೂಕಾಲು ಸಾವಿರ’ ಎಂದರೆ 6,250, ‘ಹತ್ತು ಕಮ್ಮಿ ಏಳು ಸಾವಿರ’ ಎಂದರೆ 6,990. ಕಾಲು, ಅರೆ, ಮುಕ್ಕಾಲುಗಳ ಈ ಎಣಿಕೆ ಸಂತೆಯ ಗದ್ದಲದಲ್ಲಿ ಹೇಳಿದಾಗ ಯಂತ್ರದ ಕಿವಿಗೆ ತಪ್ಪಿ ಬೀಳುತ್ತದೆ. ‘ಜಾತ್ರೆ ಕಳೆದ ಮ್ಯಾಲೆ ಕೊಡ್ತೀನಿ’ ಎಂಬ ವಾಯಿದೆಗೆ ತಾರೀಖು ಹಾಕಬೇಕಾದರೆ ಹೇಳಿದವನು ಕೊಟ್ಟೂರಿನ ತೇರನ್ನು ಉದ್ದೇಶಿಸಿದನೋ, ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನೋ, ತನ್ನೂರ ದೇವಿಯ ಜಾತ್ರೆಯನ್ನೋ ಗೊತ್ತಿರಬೇಕು, ಮತ್ತು ಇವೆಲ್ಲ ಪಂಚಾಂಗದಂತೆ ವರ್ಷವರ್ಷಕ್ಕೂ ಬದಲಾಗುತ್ತವೆ. ತಾಂಡಾಗಳ ಲಂಬಾಣಿ ಮಾತು ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿಲ್ಲದ ಕಾರಣ ಸರ್ಕಾರಿ ಭಾಷಾ ಯೋಜನೆಗಳ ಮೊದಲ ಸಾಲಿನಲ್ಲಿ ಸ್ಥಾನ ಪಡೆದಿಲ್ಲ. ಈ ತಾಲ್ಲೂಕುಗಳ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ. ಮಾತಿನ, ಸಂದರ್ಭದ ಇಂಥ ಸೂಕ್ಷ್ಮಗಳು ಯಂತ್ರಕ್ಕೆ ತಿಳಿಯದ ಕಾರಣ, ಉದ್ರಿಯ ನೆನಪೋಲೆಗಳನ್ನು ಏಜೆಂಟ್ ಬರೆದರೂ ಕಳಿಸುವ ಗುಂಡಿ ಮಾಲೀಕನ ಬೆರಳಿಗೇ ಇರಬೇಕು. ಸಾವಿನ ಮನೆಗೆ ಬಾಕಿಯ ಸಂದೇಶ ಹೋದರೆ ಮೂವತ್ತು ವರ್ಷದ ಗಿರಾಕಿ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಸಲಹೆ, ಬೆಲೆ ಮತ್ತು ಟೆಂಡರ್

ಕೃತಕ ಬುದ್ಧಿಮತ್ತೆ ಈ ಸೀಮೆಯ ಬೆಳೆಯನ್ನು ಮುಟ್ಟಿದ ಒಂದು ಪ್ರಯೋಗ ನೆರೆಯ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯದು. 2016ರಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ, ಮೈಕ್ರೋಸಾಫ್ಟ್ ಮತ್ತು ಆಂಧ್ರಪ್ರದೇಶ ಸರ್ಕಾರ ಸೇರಿ, ದೇವನಕೊಂಡ ಮಂಡಲದ 175 ಶೇಂಗಾ ರೈತರಿಗೆ ಹಳೆಯ ಹವಾಮಾನದ ದಾಖಲೆ ಮತ್ತು ಮಣ್ಣಿನ ತೇವದ ಲೆಕ್ಕದಿಂದ ಬಿತ್ತನೆಯ ದಿನವನ್ನು ಸೂಚಿಸುವ ಸಂದೇಶಗಳನ್ನು ಮೊಬೈಲಿಗೆ ಕಳಿಸಿದವು. ಜೂನ್ ಮೊದಲ ವಾರದ ಬದಲು ಕೊನೆಯ ವಾರದಲ್ಲಿ ಬಿತ್ತಿದವರಿಗೆ ಸರಾಸರಿ ಶೇಕಡಾ 30 ಹೆಚ್ಚು ಇಳುವರಿ ಬಂತೆಂದು ಅವು ವರದಿ ಮಾಡಿದವು. ಮುಂದಿನ ವರ್ಷ ಇದು ಕರ್ನಾಟಕವನ್ನೂ ಒಳಗೊಂಡು ವಿಸ್ತರಿಸಿತು. ಗಮನಿಸಬೇಕಾದ ಅಂಶವೆಂದರೆ ಇಲ್ಲಿ ಯಂತ್ರ ಸಲಹೆ ಕೊಟ್ಟಿತು, ಕೂರಿಗೆ ಹೂಡುವ ನಿರ್ಧಾರ ರೈತನದಾಗಿಯೇ ಉಳಿಯಿತು.

ಮಾರುಕಟ್ಟೆಯಲ್ಲಿ ಸಲಹೆ ಮತ್ತು ನಿರ್ಧಾರದ ನಡುವಿನ ಈ ಗೆರೆಯನ್ನು ದಾಟುವ ಆಸೆ ಸಹಜ. ಕರ್ನಾಟಕ ಸರ್ಕಾರ ಎನ್‌ಸಿಡಿಇಎಕ್ಸ್ ಎಂಬ ಸರಕು ವಿನಿಮಯ ಕೇಂದ್ರದ ಗುಂಪಿನ ಜೊತೆ 2014ರಲ್ಲಿ ಕಟ್ಟಿದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಪ್ರತಿ ರಾಶಿಗೂ ಲಾಟ್ ಸಂಖ್ಯೆ ಕೊಟ್ಟು, ಖರೀದಿದಾರರು ಆನ್‌ಲೈನ್ ಟೆಂಡರ್ ಹಾಕುವ ಕ್ರಮವಿದೆ. ಆವಕ ಎಷ್ಟು, ಸುತ್ತಲಿನ ಪೇಟೆಗಳ ಮಾದರಿ ಬೆಲೆ ಎಷ್ಟು ಎಂಬುದನ್ನು ಬೆಳಗಿನ ಹೊತ್ತಿಗೇ ಜೋಡಿಸಿಕೊಡುವುದು ಏಜೆಂಟ್‌ನಿಂದ ಆಗುವ ಒಳ್ಳೆಯ ಸೇವೆ. ರೈತ ಉತ್ಪಾದಕರ ಕಂಪನಿಗಳಿಗೆ ಇದು ವರ್ತಕರಷ್ಟೇ ಮಾಹಿತಿಯ ಬಲ ಕೊಡಬಹುದು. ಟೆಂಡರಿನ ಬೆಲೆಯನ್ನೇ ಅದಕ್ಕೆ ಬಿಡುವುದು ಬೇರೆ ವಿಷಯ. ಒಂದು ಪ್ರಾಂಗಣದ ಹತ್ತು ಖರೀದಿದಾರರು ಒಂದೇ ಕಂಪನಿಯ ಏಜೆಂಟ್‌ನಿಂದ ಬೆಲೆ ಹಾಕಿಸಿದರೆ, ಯಾರೂ ಯಾರ ಜೊತೆಗೂ ಮಾತಾಡದೆ ಬೆಲೆಗಳು ಒಂದೇ ಕಡೆ ವಾಲಬಹುದು, ಅದರ ಪೆಟ್ಟು ತಿನ್ನುವವನು ರಾಶಿ ಹಾಕಿಕೊಂಡು ನಿಂತ ರೈತ. ಅಮೆರಿಕದಲ್ಲಿ ಬಾಡಿಗೆ ದರ ಸೂಚಿಸುವ ರಿಯಲ್‌ಪೇಜ್ ಕಂಪನಿಯ ವಿರುದ್ಧ 2024ರ ಆಗಸ್ಟ್‌ನಲ್ಲಿ ಅಲ್ಲಿನ ನ್ಯಾಯ ಇಲಾಖೆ ಹೂಡಿದ ಮೊಕದ್ದಮೆಯ ತಿರುಳು ಇಂಥದೇ ಆರೋಪ. ಹಡಗಲಿಯ ಮಲ್ಲಿಗೆಯಂಥ, ಸಂಜೆಯೊಳಗೆ ಬೆಲೆ ಕಳೆದುಕೊಳ್ಳುವ ಮಾಲಿನಲ್ಲಿ ಮಾತ್ರ ಯಾವ ಊರಿಗೆ ಎಷ್ಟು ಹೂವು ಬೇಕೆಂಬ ಬೇಡಿಕೆಗಳನ್ನು ರಾತ್ರಿಯೇ ಒಟ್ಟುಮಾಡಿ ಕೊಡುವ ಏಜೆಂಟ್‌ನ ವೇಗಕ್ಕೆ ನಿಜವಾದ ಬೆಲೆಯಿದೆ.

ಉತ್ಪಾದಕತೆಯ ಅಳತೆ

ಉತ್ಪಾದಕತೆ ಎಂದರೆ ಹೂಡಿದ ಒಂದು ಗಂಟೆಯ ದುಡಿಮೆಗೆ ಹೊರಬಂದ ಕೆಲಸದ ಪ್ರಮಾಣ. ಎರಿಕ್ ಬ್ರಿನ್‌ಯೋಲ್ಫ್‌ಸನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಐ ನೆರವು ಪಡೆದ 5,000ಕ್ಕೂ ಹೆಚ್ಚು ಗ್ರಾಹಕ ಸೇವಾ ನೌಕರರ ಉತ್ಪಾದಕತೆ ಸರಾಸರಿ ಶೇಕಡಾ 14, ಹೊಸಬರದು ಶೇಕಡಾ 34 ಏರಿತು. ನುರಿತವರಿಗೆ ಆದ ಲಾಭ ಅತ್ಯಲ್ಪ. ಇದಕ್ಕೆ ಎದುರಾಗಿ ಮೀಟರ್ ಎಂಬ ಸಂಸ್ಥೆಯ 2025ರ ಪ್ರಯೋಗದಲ್ಲಿ ಅನುಭವಿ ತಂತ್ರಾಂಶ ತಜ್ಞರು ಎಐ ಬಳಸಿದಾಗ ಶೇಕಡಾ 19 ನಿಧಾನವಾದರು, ಆದರೂ ತಾವು ವೇಗವಾದೆವೆಂದೇ ನಂಬಿದ್ದರು. ಇವೆರಡನ್ನೂ ಒಟ್ಟಿಗೆ ಓದಿದರೆ ಸಣ್ಣ ಅಂಗಡಿಗೆ ಒಂದು ದಾರಿ ಸಿಗುತ್ತದೆ: ಏಜೆಂಟ್ ಕೊಡಬೇಕಾದುದು ಟ್ಯಾಲಿ ಕಲಿತು ಹೊಸದಾಗಿ ಸೇರಿದ ಹುಡುಗಿಯ ಕೈಗೆ, ಮತ್ತು ಅದರ ಕೆಲಸವನ್ನು ನೋಡುವ ಕಣ್ಣು ಹಳೆಯ ಗುಮಾಸ್ತನದಾಗಬೇಕು. ಗುಮಾಸ್ತನನ್ನು ಬಿಡಿಸಿ ಏಜೆಂಟ್ ಇಡುವ ಅಂಗಡಿ ಚೀಲದ ತೂಕ ಬಲ್ಲವನನ್ನೇ ಕಳೆದುಕೊಳ್ಳುತ್ತದೆ. ಏಜೆಂಟ್ ಉಳಿಸಿದ ಸಮಯವನ್ನು ಅಂದಾಜಿನಿಂದಲ್ಲ, ಒಂದು ತಿಂಗಳು ಗಡಿಯಾರ ನೋಡಿ ಬರೆದು ಅಳೆಯಬೇಕು. ತಪ್ಪು ತಿದ್ದಲು ಹೋದ ಹೊತ್ತನ್ನು ಅದರಲ್ಲಿ ಕಳೆಯಬೇಕು.

ಹಣ ಮತ್ತು ಸುರಕ್ಷತೆ

ಆಂಥ್ರೋಪಿಕ್ ಸಂಸ್ಥೆ ಆಂಡನ್ ಲ್ಯಾಬ್ಸ್ ಜೊತೆಗೂಡಿ 2025ರಲ್ಲಿ ತನ್ನ ಸ್ಯಾನ್ ಫ್ರಾನ್ಸಿಸ್ಕೊ ಕಚೇರಿಯ ಪುಟ್ಟ ಅಂಗಡಿಯೊಂದನ್ನು ಸುಮಾರು ಒಂದು ತಿಂಗಳು ತನ್ನದೇ ಏಜೆಂಟ್‌ಗೆ ಒಪ್ಪಿಸಿತ್ತು. ಏಜೆಂಟ್ ಸರಬರಾಜುದಾರರನ್ನು ಚೆನ್ನಾಗಿಯೇ ಹುಡುಕಿತು. ಆದರೆ ಕೇಳಿದ ಹಲವರಿಗೆ ರಿಯಾಯಿತಿ ಕೊಟ್ಟಿತು, ಲೋಹದ ಘನಗಳನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿತು, ಹಣ ಕಟ್ಟಲು ಇಲ್ಲದ ಖಾತೆಯೊಂದನ್ನು ಕಲ್ಪಿಸಿ ಹೇಳಿತು, ಕೊನೆಗೆ ನಷ್ಟದಲ್ಲಿ ನಿಂತಿತು. ಉದ್ರಿ ಮತ್ತು ಮುಲಾಜಿನ ಮೇಲೆ ನಿಂತ ಪೇಟೆಯಲ್ಲಿ ವ್ಯಾಪಾರ ಮಾಡುವವರಿಗೆ ಈ ಫಲಿತಾಂಶಕ್ಕೆ ವಿವರಣೆ ಬೇಕಾಗಿಲ್ಲ. ಇನ್ನೊಂದು ಅಪಾಯ ನುಸುಳು ಸೂಚನೆಯದು: ಏಜೆಂಟ್ ಓದುವ ಬಿಲ್ಲಿನಲ್ಲಿಯೋ ಇ-ಮೇಲ್‌ನಲ್ಲಿಯೋ ‘ಇನ್ನು ಮುಂದೆ ಈ ಖಾತೆಗೆ ಹಣ ಹಾಕಿ’ ಎಂಬ ಸಾಲನ್ನು ವಂಚಕರು ಅಡಗಿಸಿಟ್ಟರೆ, ಅದನ್ನು ಅದು ಮಾಲೀಕನ ಅಪ್ಪಣೆಯೆಂದೇ ತಿಳಿಯಬಹುದು. ಆದ್ದರಿಂದ ಬ್ಯಾಂಕ್ ಖಾತೆಯಲ್ಲಿ ಏಜೆಂಟ್‌ಗೆ ಓದುವ ಅನುಮತಿ ಸಾಕು, ಕಳಿಸುವ ಅನುಮತಿ ಬೇಡ. ಉದ್ರಿ ಪುಸ್ತಕದಲ್ಲಿ ಊರವರ ಹೆಸರು, ಫೋನು, ಕಷ್ಟದ ದಿನಗಳ ಲೆಕ್ಕ ಎಲ್ಲವೂ ಇರುವುದರಿಂದ ಅದನ್ನು ಹೊರಗಿನ ಸೇವೆಗೆ ಒಪ್ಪಿಸುವ ಮುನ್ನ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ, 2025ರ ನವೆಂಬರ್‌ನಲ್ಲಿ ಪ್ರಕಟವಾದ ಅದರ ನಿಯಮಗಳನ್ನೂ ತಿಳಿದಿರಬೇಕು.

ಹೊಣೆಗಾರಿಕೆ

1872ರ ಭಾರತೀಯ ಕರಾರು ಕಾಯ್ದೆಯ 182ನೇ ಕಲಂ ಏಜೆಂಟ್ ಎಂದರೆ ಇನ್ನೊಬ್ಬನ ಪರವಾಗಿ ಕಾರ್ಯ ಮಾಡಲು ನೇಮಿತನಾದ ‘ವ್ಯಕ್ತಿ’ ಎನ್ನುತ್ತದೆ, ತಂತ್ರಾಂಶ ವ್ಯಕ್ತಿಯಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೇ ಕಲಂ, ಒಬ್ಬನ ಪರವಾಗಿ ತಾನೇ ನಡೆಯುವಂತೆ ಹೊಂದಿಸಿದ ವ್ಯವಸ್ಥೆ ಕಳಿಸಿದ ಸಂದೇಶವನ್ನು ಅವನೇ ಕಳಿಸಿದನೆಂದು ಎಣಿಸುತ್ತದೆ. ಕೆನಡಾದಲ್ಲಿ ತನ್ನ ಚಾಟ್‌ಬಾಟ್ ಕೊಟ್ಟ ತಪ್ಪು ಮಾಹಿತಿಗೆ ಆ ಚಾಟ್‌ಬಾಟೇ ಹೊಣೆ ಎಂದು ಏರ್ ಕೆನಡಾ ವಾದಿಸಿದಾಗ, 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ ಪ್ರಯಾಣಿಕನಿಗೆ ಹಣ ಕೊಡಿಸಿತು. ಕೊಟ್ಟೂರಿನ ಶೇಂಗಾ ಅಂಗಡಿಯಿಂದ ಹೊರಟ ತಪ್ಪು ಬಿಲ್ಲಿಗೂ ಉತ್ತರಿಸಬೇಕಾದವನು ಅಂಗಡಿಯ ಮಾಲೀಕನೇ. ಲೆಕ್ಕವನ್ನು ಗುಮಾಸ್ತ ಬರೆದಿರಲಿ, ಏಜೆಂಟ್ ಬರೆದಿರಲಿ, ಜಿಎಸ್‌ಟಿ ರಿಟರ್ನ್ ಸಲ್ಲಿಸುವಾಗ ದೃಢೀಕರಣದ ಒಟಿಪಿ ಬರುವುದು ಸಹಿಯ ಅಧಿಕಾರ ಪಡೆದವರ ಮೊಬೈಲಿಗೆ.